ಅರಮನೆಗೆ ದುಡ್ಡು ಕೊಟ್ಟೋರು ಯಾರು ಸ್ವಾಮಿ?

ಡೆನ್ಮಾರ್ಕಿಗೆ ಹೋಗಿ ಬಂದ ನಮ್ಮವರ ಫೋಟೋಗಳನ್ನು ನೋಡಿದರೆ ಎಲ್ಲರೂ ಒಂದೇ ಕ್ಯಾಮೆರಾ ಹಂಚಿಕೊಂಡು ಹೋಗಿದ್ದರೇನೋ ಅನ್ನಿಸುತ್ತೆ. ಬಂಡೆ ಮೇಲೆ ಕೂತ ಪುಟ್ಟ ಮತ್ಸ್ಯಕನ್ಯೆ, ನ್ಯೂಹಾವ್ನ್ ಕಾಲುವೆಯ ಬಣ್ಣಬಣ್ಣದ ಮನೆಗಳು, ಕರಡಿ ತುಪ್ಪಳದ ಟೋಪಿ ಹಾಕಿಕೊಂಡ ಅರಮನೆ ಕಾವಲುಗಾರ, ಕೊನೆಗೆ ಸಮುದ್ರದ ದಡದಲ್ಲಿ ಒಂದು ಕೋಟೆ. ಕೆಳಗೆ 'ಫೇರಿ ಟೇಲ್ ಲ್ಯಾಂಡ್' ಅಂತ ಒಂದು ಕ್ಯಾಪ್ಷನ್, ಜೊತೆಗೊಂದು ಹೃದಯದ ಚಿಹ್ನೆ.

ಫೋಟೋ ಬಗ್ಗೆ ನನ್ನ ತಕರಾರಿಲ್ಲ. ಧಾರಾಳವಾಗಿ ತೆಗೀರಿ. ತಕರಾರಿರೋದು ಆ ಕ್ಯಾಪ್ಷನ್ ಬಗ್ಗೆ. ಕೋಟೆ, ಅರಮನೆಗಳು ಕಿನ್ನರಿಯರು ಕಟ್ಟಿದ್ದಲ್ಲ. ಅವುಗಳಿಗೆ ಕಲ್ಲು ಬೇಕಿತ್ತು, ಕೂಲಿ ಬೇಕಿತ್ತು, ತಾಮ್ರದ ಚಾವಣಿ ಬೇಕಿತ್ತು. ಎಲ್ಲದಕ್ಕೂ ಯಾರೋ ದುಡ್ಡು ಕೊಟ್ಟಿದ್ದಾರೆ. ಹೋಟೆಲ್ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಯಾಕೆ ಹಾಕಿದ್ರಿ ಅಂತ ಮ್ಯಾನೇಜರನ್ನ ಕರೆಸಿ ಕೇಳೋ ಜನ ನಾವು. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಲೆಕ್ಕದಲ್ಲಿ ಎರಡು ಸಾವಿರ ವ್ಯತ್ಯಾಸ ಬಂದರೆ ವಾಟ್ಸಾಪ್ ಗ್ರೂಪಿನಲ್ಲಿ ಮಹಾಯುದ್ಧ. ಅಂಥ ನಾವು ಅರಮನೆ ಬಾಗಿಲಲ್ಲಿ ಟಿಕೆಟ್ ಹರಿಸಿಕೊಂಡ ತಕ್ಷಣ ಮಗುವಿನ ಹಾಗೆ ಬಾಯಿ ತೆರೆದು ನಿಂತುಬಿಡ್ತೀವಲ್ಲ, ಅದು ನನಗೆ ಸರಿಹೋಗಲ್ಲ.

ಮೊದಲು ಆ ಸಮುದ್ರದ ದಡದ ಕೋಟೆಯನ್ನೇ ತಗೊಳ್ಳಿ. ಹೆಸರು ಕ್ರೋನ್‌ಬೋರ್ಗ್, ಊರು ಹೆಲ್ಸಿಂಗೋರ್. ಕೋಪನ್‌ಹೇಗನ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಜಗತ್ತಿಗೆಲ್ಲ ಇದು 'ಹ್ಯಾಮ್ಲೆಟ್ ಕೋಟೆ'. ಬೇಸಿಗೆಯಲ್ಲಿ ಹೋದರೆ ವೇಷ ಹಾಕಿದ ನಟರು ಅಂಗಳದಲ್ಲೇ ನಾಟಕದ ದೃಶ್ಯಗಳನ್ನು ಆಡಿ ತೋರಿಸ್ತಾರೆ. ನಾನೂ ನೋಡಿದೆ, ಚೆನ್ನಾಗೇ ಆಡ್ತಾರೆ. ಆದರೆ ಷೇಕ್ಸ್‌ಪಿಯರ್ ಇಲ್ಲಿಗೆ ಕಾಲಿಟ್ಟಿದ್ದ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. ಹ್ಯಾಮ್ಲೆಟ್ ಅನ್ನೋ ರಾಜಕುಮಾರ ಇಲ್ಲಿ ಬದುಕಿದ್ದೂ ಇಲ್ಲ. ಮಧ್ಯಯುಗದ ಚರಿತ್ರಕಾರ ಸಾಕ್ಸೋ ಬರೆದಿಟ್ಟ ಆಮ್ಲೆತ್‌ನ ಕಥೆ ಜಟ್‌ಲ್ಯಾಂಡಿನದು, ದೇಶದ ಇನ್ನೊಂದು ತುದಿಯದು. ಈ ಕೋಟೆ ಕಟ್ಟೋದಕ್ಕೆ ಎಷ್ಟೋ ಶತಮಾನ ಮುಂಚಿನ ಕಾಲದ್ದು.

ಹಾಗಾದರೆ ಇಲ್ಲಿ ನಿಜವಾಗಿ ಏನಿತ್ತು? ಟೋಲ್ ಗೇಟ್ ಇತ್ತು ಸ್ವಾಮಿ, ಟೋಲ್ ಗೇಟ್.

ಕೋಟೆಯ ಬುರುಜಿನ ಮೇಲೆ ನಿಂತು ನೋಡಿದರೆ ಆಚೆ ದಡದ ಸ್ವೀಡನ್ ಕಣ್ಣಿಗೆ ಕಾಣುತ್ತೆ. ನಡುವಿನ ನೀರು ಬರೀ 4 ಕಿಲೋಮೀಟರ್. ಬಾಲ್ಟಿಕ್ ಸಮುದ್ರದ ಧಾನ್ಯ, ಮರ, ಟಾರು, ನಾರು ಎಲ್ಲ ಪಶ್ಚಿಮ ಯುರೋಪಿಗೆ ಹೋಗಬೇಕಾದರೆ ಹಡಗುಗಳಿಗೆ ಇದೇ ಮುಖ್ಯ ದಾರಿ. 1420ರ ದಶಕದಲ್ಲಿ ರಾಜ ಎರಿಕ್ ಇಲ್ಲೊಂದು ಕೋಟೆ ಕಟ್ಟಿಸಿ, ಹಾದುಹೋಗುವ ಹಡಗುಗಳೆಲ್ಲ ನಿಂತು ಸುಂಕ ಕಟ್ಟಬೇಕು ಅಂದ. ಕಟ್ಟದಿದ್ದರೆ ಫಿರಂಗಿ. ಆ ಸುಂಕ 1857ರ ತನಕ ನಡೀತು. 400 ವರ್ಷಕ್ಕೂ ಹೆಚ್ಚು! ಒಂದು ಕಾಲಕ್ಕೆ ಡೆನ್ಮಾರ್ಕ್ ರಾಜ್ಯದ ವರಮಾನದಲ್ಲಿ ಮೂರನೇ ಎರಡು ಭಾಗದವರೆಗೆ ಈ ಒಂದು ಗೇಟಿನಿಂದಲೇ ಬರ್ತಿತ್ತು. 1574ರಿಂದ 1585ರವರೆಗೆ ಎರಡನೇ ಫ್ರೆಡರಿಕ್ ಹಳೇ ಕೋಟೆಯನ್ನು ಈಗ ನಾವು ನೋಡುವ ಅರಮನೆಯಾಗಿ ಮಾಡಿಸಿದ್ದು ಇಂಥ ದುಡ್ಡಿನ ಬಲದಿಂದ.

ಇದರಲ್ಲಿ ಒಂದು ಜಾಣತನ ಇದೆ, ಕೇಳಿ. ಹಡಗಿನಲ್ಲಿರುವ ಸರಕಿನ ಬೆಲೆ ಎಷ್ಟು ಅಂತ ಕ್ಯಾಪ್ಟನ್ನೇ ಹೇಳಬೇಕು, ಅದರ ಮೇಲೆ ಸುಂಕ. ಕಮ್ಮಿ ಹೇಳಿ ಸುಂಕ ಉಳಿಸಬಹುದಲ್ಲ? ಉಳಿಸಬಹುದು. ಆದರೆ ಹೇಳಿದ ಬೆಲೆಗೇ ಇಡೀ ಸರಕನ್ನು ಕೊಂಡುಕೊಳ್ಳುವ ಹಕ್ಕು ರಾಜನಿಗಿತ್ತು. ಕಮ್ಮಿ ಹೇಳಿದರೆ ಸರಕೇ ಹೋಯಿತು, ಜಾಸ್ತಿ ಹೇಳಿದರೆ ಸುಂಕ ಜಾಸ್ತಿ. ನಿಜ ಹೇಳೋದೇ ಲಾಭ. ತೆರಿಗೆ ಇಲಾಖೆಗಳೆಲ್ಲ ಇವತ್ತಿಗೂ ತಲೆ ಕೆಡಿಸಿಕೊಳ್ಳೋ ಸಮಸ್ಯೆಯನ್ನು ಒಂದು ಸಾಲಿನ ನಿಯಮದಲ್ಲಿ ಮುಗಿಸಿದ್ದರು. 1497ರಿಂದಾಚೆಗಿನ ಆ ಸುಂಕದ ಲೆಕ್ಕಪುಸ್ತಕಗಳು, ನಡುವೆ ಕೆಲವು ವರ್ಷ ಬಿಟ್ಟರೆ, ಉಳಿದುಕೊಂಡಿವೆ. ಸುಮಾರು 18 ಲಕ್ಷ ಹಡಗುಯಾನಗಳ ದಾಖಲೆ ಈಗ ಡೇಟಾಬೇಸ್ ಆಗಿ ಯಾರು ಬೇಕಾದರೂ ನೋಡುವ ಹಾಗಿದೆ. ಹಗಲೂ ರಾತ್ರಿ ಡೇಟಾ ಡೇಟಾ ಅನ್ನೋ ನನ್ನ ಸ್ನೇಹಿತರು ಕೋಟೆಗೆ ಹೋಗಿ ಹ್ಯಾಮ್ಲೆಟ್ ಮಗ್ ಕೊಂಡು ತರ್ತಾರೆ, ಈ ಸಂಗತಿ ಕೇಳದೇ ವಾಪಸ್ ಬರ್ತಾರೆ. ಇದಕ್ಕಿಂತ ದೊಡ್ಡ ದುರಂತ ನಾಟಕ ಯಾವುದು ಹೇಳಿ?

ಹ್ಯಾಮ್ಲೆಟ್‌ನ ಗಲಾಟೆಯಲ್ಲಿ ಮರೆಯಾಗೋದು ಸುಂಕ ಒಂದೇ ಅಲ್ಲ. ಈ ಕೋಟೆಯಲ್ಲಿ ನಿಜವಾಗಿಯೂ ಒಬ್ಬ ರಾಣಿ ಸೆರೆಯಲ್ಲಿದ್ದಳು. ಕ್ಯಾರೊಲೈನ್ ಮಟಿಲ್ಡಾ, ಇಂಗ್ಲೆಂಡಿನ ಮೂರನೇ ಜಾರ್ಜ್‌ನ ತಂಗಿ. 15ನೇ ವಯಸ್ಸಿಗೆ ಡೆನ್ಮಾರ್ಕಿನ ಏಳನೇ ಕ್ರಿಶ್ಚಿಯನ್‌ಗೆ ಮದುವೆ ಮಾಡಿ ಕೊಟ್ಟರು. ರಾಜನಿಗೆ ಮನಸ್ಸು ಸ್ವಸ್ಥ ಇರಲಿಲ್ಲ. ಅವನ ವೈದ್ಯ ಸ್ಟ್ರೂಎನ್ಸಿ ರಾಣಿಗೂ ಹತ್ತಿರದವನಾದ, ರಾಜ್ಯದ ಅಧಿಕಾರವನ್ನೂ ಹಿಡಿದ. ಪತ್ರಿಕೆಗಳ ಮೇಲಿನ ಸೆನ್ಸಾರ್ ತೆಗೆದ, ವಿಚಾರಣೆಯಲ್ಲಿ ಚಿತ್ರಹಿಂಸೆ ನಿಲ್ಲಿಸಿದ, ಒಂದೂವರೆ ವರ್ಷದೊಳಗೆ ಸಾವಿರಕ್ಕೂ ಹೆಚ್ಚು ಆದೇಶ ಹೊರಡಿಸಿದ. 1772ರ ಜನವರಿಯಲ್ಲಿ ವಿರೋಧಿಗಳು ಇಬ್ಬರನ್ನೂ ಹಿಡಿದರು. ಏಪ್ರಿಲ್‌ನಲ್ಲಿ ಅವನ ತಲೆ ಹೋಯಿತು. ರಾಣಿಯನ್ನು ಕೈಗೂಸಿನ ಜೊತೆ ಕ್ರೋನ್‌ಬೋರ್ಗಿನಲ್ಲಿ ಕೂಡಿಹಾಕಿದರು. ಮೇ ತಿಂಗಳಲ್ಲಿ ದೇಶ ಬಿಟ್ಟು ಕಳಿಸುವಾಗ ಮಗುವನ್ನು ಅವಳ ಜೊತೆ ಬಿಡಲಿಲ್ಲ. ಆಗ ಅವಳಿಗೆ ಇಪ್ಪತ್ತೇ ವರ್ಷ. ಮತ್ತೆ ಮಕ್ಕಳ ಮುಖ ನೋಡದೆ 23ನೇ ವಯಸ್ಸಿಗೆ ಸತ್ತಳು. ಇಲ್ಲದ ರಾಜಕುಮಾರನ ಹೆಸರಿನಲ್ಲಿ ಕೀಚೈನ್, ಇದ್ದ ಹುಡುಗಿಗೆ ಗೋಡೆ ಮೇಲೆ ಎರಡು ಮಾತು. ಇದನ್ನು ನಾನು ಒಪ್ಪೋದಿಲ್ಲ.

ಈಗ ನಗರಕ್ಕೆ ಬನ್ನಿ. ರೋಸೆನ್‌ಬೋರ್ಗ್. ತೋಟದ ನಡುವೆ ಕೆಂಪು ಇಟ್ಟಿಗೆಯ ಪುಟ್ಟ ಅರಮನೆ. ನಾಲ್ಕನೇ ಕ್ರಿಶ್ಚಿಯನ್ 1606ರಲ್ಲಿ ಶುರು ಮಾಡಿದ್ದು. ನೆಲಮಾಳಿಗೆಯಲ್ಲಿ ಕಿರೀಟಗಳಿವೆ, ಮೇಲೆ ಪಟ್ಟಾಭಿಷೇಕದ ಸಿಂಹಾಸನ ಇದೆ, ಅದರ ಮುಂದೆ ಬೆಳ್ಳಿಯ ಮೂರು ಸಿಂಹಗಳಿವೆ. ಆ ಸಿಂಹಾಸನಕ್ಕೆ ಬಳಸಿದ್ದು ಒಂಟಿಕೊಂಬಿನ ಮಾಯಾಕುದುರೆಯ ಕೊಂಬು ಅಂತ ಆಗ ಹೇಳಿಕೊಳ್ಳೋರು. ಅದು ಉತ್ತರ ಧ್ರುವದ ಕಡೆಯ ನಾರ್ವಾಲ್ ತಿಮಿಂಗಿಲದ ದಂತ. ನಾಲ್ಕನೇ ಕ್ರಿಶ್ಚಿಯನ್‌ಗೆ ಕಟ್ಟೋ ಹುಚ್ಚು ಬಹಳ. ರೋಸೆನ್‌ಬೋರ್ಗ್ ಅವನದೇ, ಹಿಲ್ಲೆರೋಡ್ ಸರೋವರದ ಫ್ರೆಡರಿಕ್ಸ್‌ಬೋರ್ಗ್ ಅವನದೇ, ದುಂಡು ಗೋಪುರ ಅವನದೇ, 2024ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿದ ಹಳೇ ಷೇರುಪೇಟೆ ಕಟ್ಟಡವೂ ಅವನದೇ. ಯುದ್ಧದ ಹುಚ್ಚೂ ಅಷ್ಟೇ ಇತ್ತು. ಅವನು ಸಾಯೋ ಹೊತ್ತಿಗೆ ಕಿರೀಟವೇ ಹ್ಯಾಂಬರ್ಗ್‌ನಲ್ಲಿ ಅಡವಿತ್ತು. ಮಗ ಬಿಡಿಸಿಕೊಂಡು ಬರಬೇಕಾಯಿತು. ನಮ್ಮ ಬೀದಿಗಳಲ್ಲಿ ಗೋಲ್ಡ್ ಲೋನ್ ಅಂಗಡಿ ಬೋರ್ಡು ಕಂಡಾಗೆಲ್ಲ ನನಗೆ ಈ ಮಹಾರಾಜರ ನೆನಪಾಗುತ್ತೆ.

ಇದೇ ದೊರೆ 1616ರಲ್ಲಿ ಡೇನಿಷ್ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟ. ಅದು ಕಳಿಸಿದ ಹಡಗುಗಳು 1620ರಲ್ಲಿ ತಮಿಳು ಕರಾವಳಿಗೆ ಬಂದವು. ತಂಜಾವೂರಿನ ರಘುನಾಥ ನಾಯಕ, ಅಂದರೆ ವಿಜಯನಗರದ ಅರಸರ ಕೆಳಗೆ ನಾಯಕರಾಗಿ ತಲೆ ಎತ್ತಿದ ಮನೆತನದವನು, ತರಂಗಂಬಾಡಿಯಲ್ಲಿ ಅವರಿಗೆ ಜಾಗ ಕೊಟ್ಟ. ಅವನು ಚಿನ್ನದ ತಗಡಿನ ಮೇಲೆ ಬರೆಸಿ ಕಳಿಸಿದ ತಮಿಳು ಪತ್ರ ಇವತ್ತಿಗೂ ಕೋಪನ್‌ಹೇಗನ್‌ನ ಪತ್ರಾಗಾರದಲ್ಲಿದೆ. ಡೇನರು ಅಲ್ಲಿ ಕಟ್ಟಿದ ಕೋಟೆಯ ಹೆಸರು ಡ್ಯಾನ್ಸ್‌ಬೋರ್ಗ್. 'ಬೋರ್ಗ್' ಅಂದರೆ ಕೋಟೆ. ಕ್ರೋನ್‌ಬೋರ್ಗ್, ರೋಸೆನ್‌ಬೋರ್ಗ್, ಡ್ಯಾನ್ಸ್‌ಬೋರ್ಗ್: ಒಂದೇ ಮನೆಯ ಅಕ್ಕತಂಗಿಯರು. ಇಬ್ಬರನ್ನ ನೋಡೋಕೆ ಷೆಂಗೆನ್ ವೀಸಾ ತಗೊಂಡು ವಿಮಾನ ಹತ್ತುತೀವಿ. ಮೂರನೆಯವಳು ನಾಗಪಟ್ಟಣದ ಹತ್ತಿರ ಸಮುದ್ರದ ಗಾಳಿ ಕುಡಿಯುತ್ತಾ ಕೂತಿದಾಳೆ. ಅವಳನ್ನು ಎಷ್ಟು ಜನ ಮಾತಾಡಿಸಿದ್ದೀರಿ?

ಅಮಾಲಿಯೆನ್‌ಬೋರ್ಗ್‌ಗೆ ಹೋದರೆ ಲೆಕ್ಕ ಇನ್ನೂ ಸ್ಪಷ್ಟ. ಎಂಟು ಮೂಲೆಯ ಅಂಗಳ, ಸುತ್ತ ನಾಲ್ಕು ಅರಮನೆ, ಮಧ್ಯಾಹ್ನ 12ಕ್ಕೆ ಕಾವಲು ಬದಲಾವಣೆ. ನಮ್ಮವರೆಲ್ಲ ಕೈ ಎತ್ತಿ ವಿಡಿಯೋ ಮಾಡ್ತಿರ್ತಾರೆ. ವಿಡಿಯೋ ನಡುವೆ ಕುದುರೆ ಮೇಲೆ ಕೂತ ಐದನೇ ಫ್ರೆಡರಿಕ್‌ನ ಕಂಚಿನ ಪ್ರತಿಮೆ ಬಂದೇ ಬರುತ್ತೆ. ಫ್ರೆಂಚ್ ಶಿಲ್ಪಿ ಸಾಲಿ ಮಾಡಿದ್ದು, 1771ರಲ್ಲಿ ಅನಾವರಣ ಆದದ್ದು. ಅದರ ಖರ್ಚು ಕೊಟ್ಟದ್ದು ಏಷಿಯಾಟಿಕ್ ಕಂಪನಿ, 1732ರಲ್ಲಿ ಹುಟ್ಟಿದ ಡೇನಿಷ್ ವ್ಯಾಪಾರಿ ಸಂಸ್ಥೆ. ಅದರ ಕಸುಬು ಕ್ಯಾಂಟನ್‌ನಿಂದ ಚಹಾ, ತರಂಗಂಬಾಡಿ ಮತ್ತು ಬಂಗಾಳದಿಂದ ಬಟ್ಟೆ ತರೋದು. ಕಂಪನಿಯ ಮುಖ್ಯಸ್ಥನಾಗಿದ್ದ ಮೊಲ್ಟ್ಕೆ ಈ ನಾಲ್ಕು ಅರಮನೆಗಳಲ್ಲಿ ಒಂದರ ಯಜಮಾನ. ರಾಜನ ಆಪ್ತನೂ ಅವನೇ. ಕಾರ್ಪೊರೇಟ್ ಗಿಫ್ಟ್ ಅಂದರೆ ಏನು ಅಂತ ಇನ್ನು ಬಿಡಿಸಿ ಹೇಳಬೇಕೆ?

ಆ ಬಟ್ಟೆಯ ಕಥೆ ಕೋಪನ್‌ಹೇಗನ್‌ಗೇ ಮುಗಿಯಲ್ಲ. ಭಾರತದ ಹತ್ತಿಬಟ್ಟೆಗೆ ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಬಹಳ ಬೇಡಿಕೆ ಇತ್ತು. ಡೇನಿಷ್ ಹಡಗುಗಳು ಅದನ್ನು ಇತರ ಸರಕಿನ ಜೊತೆ ಅಲ್ಲಿಗೆ ಒಯ್ದು, ಬದಲಿಗೆ ಮನುಷ್ಯರನ್ನು ಕೊಂಡವು. ಅಟ್ಲಾಂಟಿಕ್ ದಾಟಿ ಅವರನ್ನು ಕೆರಿಬಿಯನ್‌ನ ಸೇಂಟ್ ಕ್ರೋಯ್, ಸೇಂಟ್ ಥಾಮಸ್, ಸೇಂಟ್ ಜಾನ್ ದ್ವೀಪಗಳ ಕಬ್ಬಿನ ತೋಟಗಳಿಗೆ ಇಳಿಸಿದವು. ಅಲ್ಲಿಂದ ಸಕ್ಕರೆ ತುಂಬಿಕೊಂಡು ಕೋಪನ್‌ಹೇಗನ್‌ಗೆ ಬಂದವು. ಹೀಗೆ ಡೇನಿಷ್ ಬಾವುಟದ ಕೆಳಗೆ ಸಾಗಿಸಲ್ಪಟ್ಟವರು ಸುಮಾರು ಒಂದು ಲಕ್ಷ ಜನ. ಅವರನ್ನು ಕೂಡಿಹಾಕುತ್ತಿದ್ದ ಮುಖ್ಯ ಕೋಟೆ ಇರೋದು ಈಗಿನ ಘಾನಾದ ಆಕ್ರಾದಲ್ಲಿ. ಅದರ ಹೆಸರು ಗೊತ್ತಾ? ಕ್ರಿಶ್ಚಿಯನ್ಸ್‌ಬೋರ್ಗ್. ಕೋಪನ್‌ಹೇಗನ್‌ನ ಪಾರ್ಲಿಮೆಂಟ್ ಇರುವ ಅರಮನೆಯ ಹೆಸರೂ ಕ್ರಿಶ್ಚಿಯನ್ಸ್‌ಬೋರ್ಗ್. ನೀವು ಲಿಫ್ಟ್ ಹತ್ತಿ ಪುಕ್ಕಟೆ ನಗರದರ್ಶನ ಮಾಡ್ತೀರಲ್ಲ, ಅದೇ ಗೋಪುರದ ಅರಮನೆ. ಒಂದು ಹೆಸರಿನ ಕೆಳಗೆ ಪ್ರಜಾಪ್ರಭುತ್ವ, ಇನ್ನೊಂದರ ಕೆಳಗೆ ಸಂಕೋಲೆ. ಗೈಡು ಮೊದಲನೆಯದನ್ನು ಮಾತ್ರ ತೋರಿಸ್ತಾನೆ. ನಮ್ಮ ಗುಂಪಿಗೆ ಸಿಕ್ಕಿದ್ದ ಗೈಡಂತೂ ಹೈಗ್ಗೆ, ಅಂದರೆ ಡೇನರ ಬೆಚ್ಚನೆಯ ಜೀವನಶೈಲಿ ಬಗ್ಗೆ 20 ನಿಮಿಷ ಭಾಷಣ ಮಾಡಿದ. ಸಕ್ಕರೆ ಬಗ್ಗೆ ಒಂದು ನಿಮಿಷವೂ ಇಲ್ಲ.

ಈಗ ಆಕ್ಷೇಪಣೆಗಳಿಗೆ ಬರೋಣ. ನನ್ನ ಗೆಳೆಯರ ಬಳಗದಲ್ಲಿ ಮೂರು ಥರ ಕೇಳಿದ್ದೇನೆ.

ಒಂದು: "ಕಷ್ಟಪಟ್ಟು ಹತ್ತು ದಿನ ರಜೆ ಹಾಕಿ ಬಂದಿದೀವಿ, ಅಲ್ಲೂ ಗುಲಾಮಗಿರಿ, ವಸಾಹತು ಅಂತ ಕೊರೀಬೇಡ ಮಾರಾಯ." ಒಪ್ಪೋಣ, ರಜೆ ಇರೋದು ಖುಷಿಗೇ. ಆದರೆ ಖುಷಿಗೆ ಅಜ್ಞಾನ ಬೇಕು ಅಂತ ಯಾರು ಹೇಳಿದ್ದು? ಸುಂಕದ ಆ ಜಾಣ ನಿಯಮ, ಅಡವಿಟ್ಟ ಕಿರೀಟ, ಇಪ್ಪತ್ತರ ರಾಣಿ, ಎರಡು ಕ್ರಿಶ್ಚಿಯನ್ಸ್‌ಬೋರ್ಗ್, ಇವುಗಳಲ್ಲಿ ಯಾವುದು ನಿಮಗೆ ಬೋರು ಹೊಡೆಸಿತು? ಬೋರು ಹೊಡೆಸೋದು ಮೂವತ್ತನೇ ಕೋಣೆಯ ಮೂವತ್ತನೇ ಕುರ್ಚಿ. ಯಾರು ಕೂತರು, ಯಾಕೆ ಕೂತರು ಗೊತ್ತಿಲ್ಲದಿದ್ದರೆ ಅರಮನೆ ಅಂದರೆ ಹಳೇ ಫರ್ನಿಚರ್ ಷೋರೂಮು ಅಷ್ಟೇ.

ಎರಡು: "ಎಲ್ಲ ರಾಜರೂ ಅದನ್ನೇ ಮಾಡಿದ್ದು. ನಮ್ಮವರೇನು ಸಾಚಾನಾ?" ಅಲ್ಲವೇ ಅಲ್ಲ. ಮೈಸೂರು ಅರಮನೆ ಮುಂದೆ ನಿಂತರೂ ಇದೇ ಪ್ರಶ್ನೆ ಕೇಳಿ. 'ಎಲ್ಲರೂ ಮಾಡಿದ್ರು' ಅನ್ನೋದು ಪ್ರಶ್ನೆಯನ್ನು ಎಲ್ಲ ಕಡೆಯೂ ಕೇಳೋದಕ್ಕೆ ಕಾರಣ, ಎಲ್ಲೂ ಕೇಳದೇ ಇರೋದಕ್ಕೆ ನೆಪ ಅಲ್ಲ. ಇನ್ನೊಂದು ವಿಷಯ: ಈ ಪ್ರಶ್ನೆಯನ್ನು ಡೇನರೇ ಕೇಳಿಕೊಳ್ತಿದಾರೆ. ಕೆರಿಬಿಯನ್ ದ್ವೀಪಗಳನ್ನು 1917ರಲ್ಲಿ ಅಮೆರಿಕಕ್ಕೆ ಎರಡೂವರೆ ಕೋಟಿ ಡಾಲರಿಗೆ ಮಾರಿ ಕೈ ತೊಳೆದುಕೊಂಡಿದ್ದ ದೇಶದಲ್ಲಿ, 2018ರಲ್ಲಿ ಇಬ್ಬರು ಕಲಾವಿದೆಯರು ಹಳೇ ವೆಸ್ಟ್ ಇಂಡೀಸ್ ಗೋದಾಮಿನ ಎದುರು ಒಬ್ಬ ಕಪ್ಪು ಮಹಿಳೆಯ ದೊಡ್ಡ ಪ್ರತಿಮೆ ನಿಲ್ಲಿಸಿದರು. 1878ರಲ್ಲಿ ಸೇಂಟ್ ಕ್ರೋಯ್‌ನ ಕೂಲಿಗಳ ದಂಗೆಯ ಮುಂದಾಳುಗಳಲ್ಲಿ ಒಬ್ಬಳಾದ ಮೇರಿ ಥಾಮಸ್ ಹೆಸರಲ್ಲಿ. ಅಮಾಲಿಯೆನ್‌ಬೋರ್ಗ್‌ನಿಂದ ಅಲ್ಲಿಗೆ ದಡದುದ್ದಕ್ಕೂ ನಡೆದೇ ಹೋಗಬಹುದು. 2020ರ ಡಿಸೆಂಬರಿನ ಬಿರುಗಾಳಿಗೆ ಪ್ರತಿಮೆ ಹಾಳಾಯಿತು. ಆದರೆ ಗೋದಾಮು ಇನ್ನೂ ಅಲ್ಲೇ ನಿಂತಿದೆ. ಮತ್ಸ್ಯಕನ್ಯೆಗೆ ಹೋಗೋ ದಾರಿಯಲ್ಲೇ ಸಿಗುತ್ತೆ. ಎಲ್ಲರೂ ಅದರ ಮುಂದೇನೇ ಹಾದು ಹೋಗ್ತಾರೆ, ಯಾರೂ ತಿರುಗಿ ನೋಡಲ್ಲ.

ಮೂರು: ಇದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸೋದು. "ಏನೇ ಹೇಳು ಗುರೂ, ಅವರು ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ ನೋಡು. ಅದು ಅವರ ರಕ್ತದಲ್ಲೇ ಇದೆ. ನಮ್ಮ ಜನಕ್ಕೆ ಬರಲ್ಲ." ರಕ್ತವಂತೆ! ಫ್ರೆಡರಿಕ್ಸ್‌ಬೋರ್ಗ್‌ಗೆ ಹೋಗಿ ನೋಡಿ. 1859ರ ಡಿಸೆಂಬರ್‌ನಲ್ಲಿ ಅದರ ಬಹುಭಾಗ ಸುಟ್ಟುಹೋಯಿತು. ಮತ್ತೆ ಎದ್ದು ನಿಂತದ್ದು ಹೇಗೆ? ಜನರಿಂದ ಚಂದಾ ಎತ್ತಿದರು, ಸರ್ಕಾರ ಕೊಟ್ಟಿತು, ಬಿಯರ್ ಕಂಪನಿಯ ಯಜಮಾನ ಜೆ.ಸಿ. ಯಾಕೋಬ್‌ಸೆನ್ ಕೈ ಬಿಚ್ಚಿ ಕೊಟ್ಟ. ಅವನ ಮಾತಿನ ಮೇಲೆಯೇ 1878ರಲ್ಲಿ ಅಲ್ಲಿ ರಾಷ್ಟ್ರೀಯ ಇತಿಹಾಸದ ಮ್ಯೂಸಿಯಂ ಆಯಿತು, ಅವನು ಸ್ಥಾಪಿಸಿದ ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನದ ಕೆಳಗೆ. ಮತ್ಸ್ಯಕನ್ಯೆಯನ್ನು ಮಾಡಿಸಿದ್ದು ಅವನ ಮಗ. ಅಂದರೆ ನೀವು ಕಣ್ಣರಳಿಸಿ ನೋಡೋ ಅರ್ಧ ಫೇರಿ ಟೇಲ್ ಬಿಯರ್‌ನದು. ಫ್ರೆಡರಿಕ್ಸ್‌ಬೋರ್ಗಿನ ಅಂಗಳದ ನೆಪ್ಚೂನ್ ಕಾರಂಜಿಯ ಮೂಲ ವಿಗ್ರಹಗಳು ಅಲ್ಲಿಲ್ಲ, 17ನೇ ಶತಮಾನದ ಯುದ್ಧದಲ್ಲಿ ಸ್ವೀಡನ್ನಿನವರು ಹೊತ್ತುಕೊಂಡು ಹೋದರು. ಈಗಿರೋದು ನಕಲು. ಕ್ರಿಶ್ಚಿಯನ್ಸ್‌ಬೋರ್ಗ್ 1794ರಲ್ಲಿ ಸುಟ್ಟಿತು, ಮತ್ತೆ ಕಟ್ಟಿದರು, 1884ರಲ್ಲಿ ಮತ್ತೆ ಸುಟ್ಟಿತು. ಈಗಿರೋದು 1907ರಲ್ಲಿ ಶುರುವಾಗಿ 1928ರಲ್ಲಿ ಮುಗಿದ ಮೂರನೇ ಕಟ್ಟಡ. ಬೆಂಗಳೂರಿನ ಎಷ್ಟೋ ಬಂಗಲೆಗಳು ಅದಕ್ಕಿಂತ ಹಳೆಯವು.

ಹಾಗಾಗಿ ಗುಟ್ಟು ರಕ್ತದಲ್ಲಿಲ್ಲ. ಪ್ರತಿಷ್ಠಾನದಲ್ಲಿದೆ, ಕಾನೂನಿನಲ್ಲಿದೆ, ಬಜೆಟ್ಟಿನಲ್ಲಿದೆ. 1918ರಲ್ಲೇ ಅವರು ಹಳೇ ಕಟ್ಟಡಗಳ ರಕ್ಷಣೆಗೆ ಕಾಯ್ದೆ ಮಾಡಿದರು. ಸುಟ್ಟರೆ ಕಟ್ಟಬೇಕು ಅಂತ ಯಾರೋ ತೀರ್ಮಾನ ಮಾಡಿದರು, ಯಾರೋ ಜೇಬಿಗೆ ಕೈ ಹಾಕಿದರು, ಅದನ್ನು ಲೆಕ್ಕ ಬರೆದಿಟ್ಟರು. ಇದು ಕಲಿಯಬಹುದಾದ ವಿದ್ಯೆ. 'ನಮ್ಮ ಜನಕ್ಕೆ ಬರಲ್ಲ' ಅಂತ ಹೇಳಿಬಿಟ್ಟರೆ ಕಲಿಯೋ ಕೆಲಸವೂ ತಪ್ಪಿತು, ಕೊಡೋ ಕೆಲಸವೂ ತಪ್ಪಿತು. ಕೋಪನ್‌ಹೇಗನ್‌ನಲ್ಲಿ ಮ್ಯೂಸಿಯಂ ಟಿಕೆಟ್ಟಿಗೆ ಸಾವಿರಾರು ರೂಪಾಯಿ ಕಣ್ಣು ಮಿಟುಕಿಸದೆ ಕೊಟ್ಟು, ಊರಿಗೆ ಬಂದು ನಮ್ಮ ಪುರಾತತ್ವ ಇಲಾಖೆಯ ಟಿಕೆಟ್ ಇಪ್ಪತ್ತೋ ನಲವತ್ತೋ ರೂಪಾಯಿ ಆದರೆ ಗೊಣಗೋರು ನಾವೇ. ರಕ್ತ ಪರೀಕ್ಷೆ ಮಾಡಿಸೋದಾದರೆ ಅಲ್ಲಿಂದ ಶುರು ಮಾಡಿ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಡೆನ್ಮಾರ್ಕಿಗೆ ಹೋಗಿ. ಖಂಡಿತ ಹೋಗಿ, ಚೆಂದದ ದೇಶ. ಮೂರು ದಿನ ಇದ್ದರೆ ಐದು ಅರಮನೆ ಓಡಿ ಮುಗಿಸಬೇಡಿ, ಎರಡು ನೋಡಿ. ಕ್ರೋನ್‌ಬೋರ್ಗಿನಲ್ಲಿ ನಾಟಕ ಮುಗಿದ ಮೇಲೆ ಬುರುಜು ಹತ್ತಿ, ಹೋಗಿಬರುವ ಹಡಗುಗಳನ್ನು ಹತ್ತು ನಿಮಿಷ ಎಣಿಸಿ. ಒಂದೊಂದೂ ಕಟ್ಟಬೇಕಿದ್ದ ಸುಂಕ ಮನಸ್ಸಿನಲ್ಲೇ ಲೆಕ್ಕ ಹಾಕಿ. ಕ್ರಿಶ್ಚಿಯನ್ಸ್‌ಬೋರ್ಗಿನ ಗೋಪುರ ಹತ್ತಿದ ಹಾಗೇ ನೆಲದ ಕೆಳಗಿನ ಅವಶೇಷಗಳಿಗೂ ಇಳಿಯಿರಿ. ನಾಲ್ಕನೇ ಕ್ರಿಶ್ಚಿಯನ್‌ನ ಮಗಳು ಲಿಯೊನೋರಾ ಕ್ರಿಸ್ಟೀನಾಳನ್ನು ಸುಮಾರು 22 ವರ್ಷ ಸೆರೆಯಿಟ್ಟಿದ್ದ ನೀಲಿ ಗೋಪುರದ ತಳಪಾಯ ಅಲ್ಲಿದೆ. ಗೈಡ್ ಮಾತು ಮುಗಿಸಿ "ಎನಿ ಕ್ವೆಶ್ಚನ್ಸ್?" ಅಂದಾಗ ಟಾಯ್ಲೆಟ್ ಎಲ್ಲಿದೆ ಅಂತ ಕೇಳೋ ಮುಂಚೆ ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಅಂತ ಕೇಳಿ. ಒಳ್ಳೇ ಗೈಡ್ ಆದರೆ ಅವನ ಮುಖ ಅರಳುತ್ತೆ. ಅಂಥ ಪ್ರಶ್ನೆಗೆ ಅವನೂ ಕಾಯ್ತಿರ್ತಾನೆ.

ಮತ್ತೆ, ಮುಂದಿನ ಲಾಂಗ್ ವೀಕೆಂಡಿಗೆ ಪಾಂಡಿಚೇರಿಗೆ ಹೊರಟಿದ್ದರೆ ಕಾರನ್ನು ಇನ್ನೊಂದು ಮೂರು ಗಂಟೆ ದಕ್ಷಿಣಕ್ಕೆ ಓಡಿಸಿ. ಡೇನರು 225 ವರ್ಷ ಆಳಿ, 1845ರಲ್ಲಿ ಬಂಗಾಳದ ಶ್ರೀರಾಮಪುರದ ಜೊತೆ ಸೇರಿಸಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿಹೋದ ಊರು ಅದು. ಅಲ್ಲಿನ ಡ್ಯಾನ್ಸ್‌ಬೋರ್ಗ್‌ಗೆ ವೀಸಾ ಬೇಡ. ಅಲ್ಲಿ ಕ್ಯಾಪ್ಷನ್‌ಗೆ ಫೇರಿ ಟೇಲ್ ಅಂತ ಬರೆಯೋದಕ್ಕೆ ನಿಮಗೇ ಮನಸ್ಸು ಬರೋದಿಲ್ಲ. ಬೇರೆ ಏನಾದರೂ ಬರೀರಿ, ನಾನು ಓದ್ತೀನಿ.